ನಾಲ್ಕನೆಯ ಏಟು

ನಂಬುವವರು ನಂಬಲಿ, ನನ್ನ ಹೆಗಲ ಮೂಳೆ ಮುರಿದದ್ದಂತೂ ಸುಳ್ಳಲ್ಲ.

ಸಟನ್ ಎಂಬ ಇಂಗ್ಲಿಷ್ ಊರಿನಲ್ಲಿ ನಮ್ಮೂರ ಕಡೆಯವರು ನಡೆಸುವ ಬೇಸಿಗೆ ಹಬ್ಬಕ್ಕೆ ಪಾರ್ಕಿನ ಹುಲ್ಲಿನ ಮೇಲೆ ಚದುರಂಗದ ಚೌಕಗಳನ್ನು ಬರೆದು, ವೇಷ ಹಾಕಿದ ಮನುಷ್ಯರನ್ನೇ ಕಾಯಿಗಳಾಗಿ ನಿಲ್ಲಿಸುತ್ತಾರೆ. ಈ ಸಲ ನಾನು ಕಪ್ಪು ಕಾಲಾಳು, ಗೆಳೆಯ ಗಿಲ್ಬರ್ಟ್ ಬಿಳಿ ಕುದುರೆ. ಅವನು ನನ್ನನ್ನು ಹೊಡೆಯುವಾಗ ಮರದ ಕತ್ತಿ ಮೂರು ಸಲ ತಾಗಬೇಕು, ನಾನು ಬೀಳಬೇಕು. ವಾರವಿಡೀ ಹಾಗೇ ಅಭ್ಯಾಸ ಮಾಡಿದ್ದೆವು.

ಹಬ್ಬದ ದಿನ ನನ್ನ ಚೌಕದಲ್ಲಿ ನಿಂತಾಗ ಸುಡುಬಿಸಿಲಲ್ಲೂ ಅಂಗಾಲು ಚಳಿಗೆ ಮರಗಟ್ಟಿತು. ಮೂರು ಏಟಾಯಿತು, ಬಿದ್ದೆ. ನಾಲ್ಕನೆಯದು ಹೆಗಲಿಗೇ ಬಿತ್ತು. ಐದು, ಆರು. ಬಾಯಿ ತುಂಬ ರಕ್ತ. ಒಂದು ತೋಳಲ್ಲಿ ಮುಖ ಮುಚ್ಚಿಕೊಂಡು, "ಸಾಕೋ ಗಿಲ್ಬರ್ಟ್, ಸಾಯ್ತೀನಿ!" ಎಂದು ಅರಚಿದೆ. ಜನ ಚಪ್ಪಾಳೆ ತಟ್ಟಿದರು.

ಎರಡು ತಿಂಗಳು ಅವನ ಫೋನ್ ಎತ್ತಲಿಲ್ಲ. ಕೊನೆಗೆ ಅವನೇ ಮನೆಗೆ ಬಂದ.

"ಮಧು, ನಾನು ಮೂರೇ ಹೊಡೆದದ್ದು ಮಾರಾಯ. ಮತ್ತೆ ನೀನು ಬೊಬ್ಬೆ ಹಾಕಿದ್ದು ನಾಟಕ ಅಂತ ಎಣಿಸಿದೆ," ಎನ್ನುತ್ತಾ ತನ್ನ ಹೆಂಡತಿ ಜೆನಿಟಾ ತೆಗೆದ ವಿಡಿಯೋ ತೋರಿಸಿದ.

ಮೂರನೆಯ ಏಟಾದ ಕೂಡಲೇ ಗಿಲ್ಬರ್ಟ್ ಕತ್ತಿ ಕೆಳಗೆ ಹಾಕಿ, ನನಗೆ ಬೆನ್ನು ತಿರುಗಿಸಿ, ನಗುತ್ತಾ ಜನರಿಗೆ ಕೈ ಬೀಸುತ್ತಿದ್ದಾನೆ. ಹಿಂದೆ ಚೌಕದಲ್ಲಿ ನಾನೊಬ್ಬನೇ ಬಿದ್ದಿದ್ದೇನೆ. ಧಪ್, ಧಪ್ ಎಂಬ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಒಂದೊಂದು ಸದ್ದಿಗೂ ನನ್ನ ಹೆಗಲು ಇನ್ನಷ್ಟು ನೆಲಕ್ಕೆ ಕುಸಿಯುತ್ತದೆ.