ಜಡೆಗೆ ಏರಿದ ಪೆಲಾರ್ಗೋನಿಯಂ

ಪ್ರೇಮದ ಕಥೆ ಹೇಳುವಷ್ಟು ಅನುಭವ ನನಗಿಲ್ಲ. ಓದಿದ್ದು ಸಂಜೆ ಶಾಲೆಯಲ್ಲಿ. ಗಿಡಗಳ ವಿಷಯವಂತೂ ಕೇಳಿ ತಿಳಿದದ್ದೇ ಹೆಚ್ಚು. ತಪ್ಪಿದ್ದರೆ ಕ್ಷಮಿಸಿ. ಆದರೂ ಹೇಳುತ್ತೇನೆ.

೧೯೭೩ರ ಜನವರಿ. ಮುಲುಂಡ್‌ನ ಹೌಸಿಂಗ್ ಸೊಸೈಟಿಯೊಂದರಲ್ಲಿ ಹೂವಿನ ಪ್ರದರ್ಶನ. ವಾರಿಜಾ ತನ್ನ ಮೂರು ಕುಂಡಗಳನ್ನು ಮೇಜಿನ ಮೇಲಿಟ್ಟು, 'ಜಿರೇನಿಯಂ' ಎಂಬ ಚೀಟಿ ಸಿಕ್ಕಿಸಿದ್ದಳಷ್ಟೇ. ಉದ್ದನೆಯ ಹುಡುಗನೊಬ್ಬ ಬಂದು ಚೀಟಿಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡ.

"ಎಂತ ಮಾಡ್ತಿದ್ದೀರಿ ಮಾರಾಯ್ರೆ?"

"ಇವು ಜಿರೇನಿಯಂ ಅಲ್ರೀ. ಪೆಲಾರ್ಗೋನಿಯಂ."

ಅವನು ದಾನಪ್ಪ. ಕಲಬುರ್ಗಿ ಕಡೆಯವನು, ಭಾಂಡುಪ್‌ನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಸಂಜೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದನೆಂದು ಸೊಸೈಟಿಯವರು ಅವನಿಗೆ ಚೀಟಿ ಪರೀಕ್ಷಿಸುವ ಕೆಲಸ ವಹಿಸಿದ್ದರು.

"ನರ್ಸರಿಯವನೇ ಜಿರೇನಿಯಂ ಅಂತ ಕೊಟ್ಟದ್ದು."

"ಅವರೂ ತಪ್ಪು ಹೇಳ್ತಾರ್ರೀ. ಹೂವು ನೋಡ್ರಿ. ಜಿರೇನಿಯಂ ಆಗಿದ್ರ ಐದೂ ಎಸಳು ಒಂದ ನಮೂನಿ ಇರತಾವ. ಇದರಾಗ ಮ್ಯಾಲಿನ ಎರಡು ಬ್ಯಾರೆ, ಕೆಳಗಿನ ಮೂರು ಬ್ಯಾರೆ."

"ಹಾಗಾದ್ರೆ ಇಡೀ ಮುಲುಂಡ್ ಹೇಳುದು ಸುಳ್ಳಾ?"

ದಾನಪ್ಪ ಸ್ವಲ್ಪ ಯೋಚಿಸಿದ. "ಭಾಂಡುಪ್‌ನಾಗೂ ಹಂಗ ಅಂತಾರ್ರಿ."

ಹೆಸರು ತಪ್ಪೆಂದು ಅವಳ ಕುಂಡಗಳನ್ನು ಸ್ಪರ್ಧೆಯಿಂದ ಕೈಬಿಟ್ಟರು. ವಾರಿಜಾಳಿಗೆ ಅಳು ಬಂತು. 'ಎಲ್ಲರೆದುರು ಮರ್ಯಾದೆ ತೆಗೆದ...'

ಮುಂದಿನ ಭಾನುವಾರ ಅವನೇ ಬಾಗಿಲಲ್ಲಿ ನಿಂತಿದ್ದ. ತಪ್ಪಾಯಿತೆಂದ. ಪೆಲಾರ್ಗೋನಿಯಂನಲ್ಲೂ ಬೇರೆ ಬೇರೆ ಜಾತಿಗಳಿವೆ, ಒಂದೊಂದು ಕುಂಡಕ್ಕೂ ಸರಿಯಾದ ಹೆಸರು ಬರೆದುಕೊಡುತ್ತೇನೆಂದ. ಅಂದು ಒಂದೇ ಗಿಡ ನೋಡಿದ: ಬಳ್ಳಿಯಂತೆ ಇಳಿಬಿದ್ದದ್ದು, ದಪ್ಪ ನುಣುಪು ಎಲೆಯದು. ಅದರ ಮುಂದಿನ ವಾರ ಎರಡನೆಯದು, ಎಲೆಯ ಮೇಲೆ ಕಪ್ಪು ಉಂಗುರವಿದ್ದದ್ದು. ಗಿಡವನ್ನೇ ನೋಡುತ್ತಿದ್ದ. ಎಲೆ ತಿರುಗಿಸುತ್ತಿದ್ದ.

'ನನ್ನ ಮುಖವನ್ನು ಒಮ್ಮೆಯಾದರೂ ನೋಡಿದನೇ?' ಕೋಪ ಹೋಗಿ ಯಾವಾಗ ಕಾಯುವುದು ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ.

ಮೂರನೆಯ ಭಾನುವಾರ ಅವನು ಬಂದಾಗ ಮೂರನೆಯ ಕುಂಡದಲ್ಲಿ ಬರೀ ಕಡ್ಡಿಗಳಿದ್ದವು.

"ಎಲಿ ಎಲ್ಲಿ ಹೋದ್ವುರೀ?"

"ಮರುಗ ಸಿಗಲಿಲ್ಲ ಅಂತ ಅಮ್ಮ ಇದನ್ನೇ ಕೊಯ್ದು ಮಲ್ಲಿಗೆ ಜೊತೆ ಕಟ್ಟಿದ್ರು." ವಾರಿಜಾ ತಿರುಗಿ ಜಡೆ ತೋರಿಸಿದಳು. "ನಾಲ್ಕು ಗಂಟೆಗೆ ದಹಿಸರ್‌ನಿಂದ ನನ್ನನ್ನು ನೋಡ್ಲಿಕ್ಕೆ ಬರ್ತಾರೆ."

ದಾನಪ್ಪನ ಮುಖ ಸಪ್ಪಗಾಯಿತು. 'ಈಗಲಾದರೂ ಬಾಯಿ ಬಿಡಬಾರದೇ...' ಎಂದುಕೊಂಡಳು ವಾರಿಜಾ.

"ಎಲಿ ತಿಕ್ಕಿ ಮೂಸಬೇಕಾಗಿತ್ರಿ. ಗುಲಾಬಿ ವಾಸನಿದೋ, ನಿಂಬಿದೋ..."

"ಮೂಸಿ. ಯಾರು ಬೇಡ ಅಂದದ್ದು?"

ಒಳಗೆ ಉಪ್ಪಿಟ್ಟು ಮಗುಚುತ್ತಿದ್ದ ಅವಳ ತಾಯಿ ಚಂಪಕ್ಕನ ಸಟ್ಟುಗದ ಸದ್ದು ನಿಂತಿತು.

ಅವನು ಒಂದು ಮೊಳ ದೂರದಿಂದಲೇ ಮೂಗು ಚಾಚಿದ.

"ಎಂತ ವಾಸನೆ?"

"ಮಲ್ಲಿಗಿದು ಬರಾಕತ್ತೈತಿ. ಕೊಬ್ಬರಿ ಎಣ್ಣಿದು ಬರಾಕತ್ತೈತಿ..." ಅವನು ಮೂಗು ಹಿಂದಕ್ಕೆಳೆದುಕೊಂಡ. "ಆ ದಹಿಸರ್ ಮಂದಿ ಮುಂದ ಕೂಡಬ್ಯಾಡ್ರಿ."

"ಯಾಕೆ?"

"ಮೂರೂ ಯಾವ್ಯಾವು ಅಂತ ಪ್ರದರ್ಶನದ ದಿನಾನ ಗೊತ್ತಾಗಿತ್ರಿ. ಇದು ಗುಲಾಬಿದು. ನಿಮ್ಮ ಮನಿಗೆ ಬರಾಕ ಐತವಾರಕ್ಕ ಒಂದೊಂದು ಉಳಿಸಿಕೊಂಡಿದ್ದೆ."

ವಾರಿಜಾಳ ಕಣ್ಣು ತುಂಬಿತು, ನಗುವೂ ಬಂತು. "ಇದ್ದದ್ದೇ ಮೂರು ಕುಂಡ. ಮುಂದಿನ ವಾರ ಎಂತ ಮಾಡ್ತಿದ್ರಿ?"

"ಅದ ಚಿಂತಿ ಹತ್ತಿತ್ರಿ. ನಿದ್ದಿನ ಇಲ್ಲ."

"ವಾರಿಜಾ," ಒಳಗಿನಿಂದ ಚಂಪಕ್ಕನ ದನಿ ಬಂತು, "ಆ ಮಾರಾಯನಿಗೆ ಕೂತುಕೊಳ್ಳಲಿಕ್ಕೆ ಹೇಳು. ಉಪ್ಪಿಟ್ಟು ಬಿಸಿ ಉಂಟು."

ದಾನಪ್ಪ ಗಾಬರಿಯಾದ. "ಅದು ದಹಿಸರ್‌ನವರಿಗೆ ಮಾಡಿದ್ದಲ್ರೀ?"

"ಹೌದು," ಎಂದಳು ವಾರಿಜಾ, ಅವನತ್ತ ಕುರ್ಚಿ ಎಳೆಯುತ್ತ. "ನೀವು ಮೊದಲು ಬಂದ್ರಲ್ಲ."

ಆ ವರ್ಷವೇ ಅವರ ಮದುವೆಯಾಯಿತು. ನಾಲ್ಕು ಗಂಟೆಗೆ ಬಂದವರಿಗೆ ಚಂಪಕ್ಕ ಬಾಗಿಲಲ್ಲಿ ನಿಂತು ಏನು ಹೇಳಿ ಕಳಿಸಿದರೋ, ನನಗೆ ಗೊತ್ತಿಲ್ಲ.