ಬಾಕಿ ಉಳಿದ ಸಹಿ

ಮಳೆ ನಿಂತು ವಾರವಾಗಿತ್ತು. ಊರಲ್ಲೆಲ್ಲ ಜ್ವರ ಶುರುವಾಗಿತ್ತು. ಐದನೇ ತರಗತಿಯ ಅರ್ಧ ಬೆಂಚುಗಳು ಖಾಲಿ. ಬಂದ ಮಕ್ಕಳಿಂದ ಟೀಚರ್ ಪ್ರವಾಸದ ಒಪ್ಪಿಗೆ ಚೀಟಿಗಳನ್ನು ಒಟ್ಟುಮಾಡುತ್ತಿದ್ದರು. ಒಂದು ಚೀಟಿ ನೋಡಿ ಅವರ ಕೈ ನಿಂತಿತು.

"ಇದೇನೇ, ಸಹಿ ಇರಬೇಕಾದ ಜಾಗದಲ್ಲಿ? 'ದಿನಕ್ಕೆ ಎರಡು ಸಲ, ಊಟದ ನಂತರ, ಐದು ದಿನ'!"

ಕ್ಲಾಸು ಗೊಳ್ಳೆಂದಿತು.

"ಮಿಸ್, ದಿನಕ್ಕೆರಡು ಸಲ ಬಸ್ ಹತ್ತಬೇಕಾ?"

"ಊಟ ಆದ್ಮೇಲೆ ಕಣೋ!"

ಚೀಟಿ ಗಿರಗಿಟ್ಲೆಯದು. ಒಂದು ಕಡೆ ನಿಲ್ಲದ ಆ ಹುಡುಗಿಗೆ ಮನೆಯಲ್ಲೂ ಶಾಲೆಯಲ್ಲೂ ಅದೇ ಹೆಸರು. ಶಾಲೆಯ ಹಿಂದಿನ ಆಸ್ಪತ್ರೆಯಲ್ಲಿ ಅವಳ ಅಮ್ಮ ಡಾಕ್ಟರು. ನಿನ್ನೆ ಅಜ್ಜಿ ಊಟದ ಡಬ್ಬಿಯ ಜೊತೆ ಚೀಟಿ ಒಯ್ದು ಬರೆಸಿ ತಂದಿದ್ದಳು. ಯಾರೂ ಬಿಡಿಸಿ ನೋಡಿರಲಿಲ್ಲ.

"ಊಟದ ಬಿಡುವು ಮುಗಿಯೋದ್ರೊಳಗೆ ಸರಿಯಾದ ಸಹಿ ಬೇಕು," ಎಂದರು ಟೀಚರ್. "ಇಲ್ದಿದ್ರೆ ನಿನ್ನ ಸೀಟು ಬೇರೆಯವರಿಗೆ."

ಬಿಡುವಿಗೆ ಬಿಟ್ಟದ್ದೇ ಗಿರಗಿಟ್ಲೆ ಓಡಿದಳು. ಅಮ್ಮನಿಗೆ ಬೈಗುಳ ನಾಲಿಗೆ ತುದಿಯಲ್ಲೇ ಇತ್ತು.

ಆಸ್ಪತ್ರೆಯ ಮೆಟ್ಟಿಲವರೆಗೂ ಜನ. ಬಾಗಿಲಲ್ಲಿದ್ದ ನರ್ಸಮ್ಮ, "ಟೋಕನ್ ತಗೊಂಡ್ಯಾ?" ಎಂದು ಚುಡಾಯಿಸಿದರು. ಆಮೇಲೆ ದನಿ ತಗ್ಗಿಸಿ, "ಇನ್ನೊಬ್ರು ಡಾಕ್ಟ್ರೂ ಜ್ವರ ಅಂತ ಮಲಗಿದ್ದಾರೆ. ನಿಮ್ಮಮ್ಮ ಒಬ್ರೇ," ಎಂದರು.

ಗಿರಗಿಟ್ಲೆ ಒಳಗೆ ನುಗ್ಗಿ ರೋಗಿಗಳ ಸ್ಟೂಲಿನ ಮೇಲೆ ಕೂತಳು. ಅಮ್ಮ ತಲೆ ಎತ್ತಲಿಲ್ಲ. ಮಗಳ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದಳು.

"ಎಷ್ಟು ದಿನದಿಂದ?"

ಟೇಬಲ್ಲಿನ ಮೇಲೆ ಚಹಾ ಕೆನೆಗಟ್ಟಿತ್ತು. ಪಕ್ಕದಲ್ಲಿ ನಿನ್ನೆಯ ಡಬ್ಬಿ, ಮುಚ್ಚಳ ತೆಗೆಯದೆ. ಬೈಗುಳ ಎಲ್ಲೋ ಹೋಯಿತು.

"ಎರಡು ದಿನದಿಂದ," ಎಂದಳು ಗಿರಗಿಟ್ಲೆ. "ಎರಡು ದಿನದಿಂದ ನೀನು ಮನೆಗೇ ಬಂದಿಲ್ಲ."

ಅಮ್ಮ ಬೆಚ್ಚಿ ನೋಡಿದಳು. "ಅಯ್ಯೋ... ನೀನೇನೇ!"

ಗಿರಗಿಟ್ಲೆ ಚೀಟಿ ಮುಂದಿಟ್ಟಳು. ಓದಿದ ಅಮ್ಮ ನಗಲಿಲ್ಲ. ಅವಳ ಮುಖ ಬಿಳಿಚಿತು.

"ಸಿಸ್ಟರ್! ನಿನ್ನೆಯಿಂದ ನಾನು ಬರೆದಿದ್ದನ್ನೆಲ್ಲ ಔಷಧಿ ಕೊಡೋರ ಹತ್ರ ಹೋಗಿ ನೋಡಿ. ಎಲ್ಲಾದ್ರೂ ತಪ್ಪಿದ್ಯಾ ಅಂತ. ಈಗ್ಲೇ!"

ನರ್ಸಮ್ಮ ಓಡಿದರು. ಅಮ್ಮ ಬಾಗಿಲನ್ನೇ ನೋಡುತ್ತ ಕೂತಳು.

"ಅಮ್ಮಾ, ನನ್ನ ಸಹಿ. ಬೆಲ್ ಆಗುತ್ತೆ."

"ಇರು ಕಂದಾ. ಅವೆಲ್ಲ ಸರಿ ಇವೆ ಅಂತ ಗೊತ್ತಾಗ್ಲಿ. ಆಮೇಲೆ ನಿಂದು."

ಗಿರಗಿಟ್ಲೆ ಕಿಟಕಿಗೆ ಹೋದಳು, ಬಾಗಿಲಿಗೆ ಬಂದಳು, ಮತ್ತೆ ಕಿಟಕಿಗೆ ಹೋದಳು.

ನರ್ಸಮ್ಮ ಏದುಸಿರು ಬಿಡುತ್ತ ಬಂದರು. "ಎಲ್ಲಾ ಸರಿ ಇವೆ ಮೇಡಂ! ಎರಡೆರಡು ಸಲ ನೋಡಿದ್ವಿ."

ಅಮ್ಮನ ಹೆಗಲು ಇಳಿಯಿತು. ಪೆನ್ನು ಕೈಗೆತ್ತಿಕೊಂಡಳು. ಚೀಟಿಯ ಮೇಲೆ ಬಾಗಿದಳು. ಬಾಗಿದ ತಲೆ ಹಾಗೇ ಟೇಬಲ್ಲಿಗೆ ಒರಗಿತು. ಪೆನ್ನು ಹಿಡಿದಂತೆಯೇ ನಿದ್ದೆ.

ನರ್ಸಮ್ಮ ಮೆಲ್ಲಗೆ ಕೇಳಿದರು, "ಎಬ್ಬಿಸ್ಲೇನೇ? ನಿನ್ನ ಬಸ್ಸು..."

ಅಷ್ಟರಲ್ಲಿ ಶಾಲೆಯ ಗಂಟೆ ಕೇಳಿಸಿತು. ಗಿರಗಿಟ್ಲೆ ಚೀಟಿ ನೋಡಿದಳು, ಅಮ್ಮನನ್ನು ನೋಡಿದಳು.

"ಬೇಡ. ಸಹಿ ಬಾಕಿ ಇರ್ಲಿ."

ಹೊರಗೆ ಬಂದು ಬಾಗಿಲು ಮುಂದೆ ಮಾಡಿದಳು.

"ನಂದು ನಲವತ್ತೊಂದನೇ ನಂಬರು," ಎಂದು ಮುದುಕನೊಬ್ಬ ಗೊಣಗಿದ. "ಯಾಕಮ್ಮಾ ಬಾಗಿಲು ಹಾಕ್ದೆ?"

"ಹತ್ತು ನಿಮಿಷ ತಾತಾ. ಡಾಕ್ಟ್ರಿಗೆ ಹುಷಾರಿಲ್ಲ."

ಮುದುಕ ಅವಳನ್ನೇ ನೋಡಿದ. ಆಮೇಲೆ ಬೆಂಚಿನ ಮೇಲೆ ಕೂತು, ಬಂದ ಕೆಮ್ಮನ್ನು ಟವೆಲ್ಲಿನಲ್ಲಿ ಅದುಮಿಕೊಂಡ.

ಗಿರಗಿಟ್ಲೆ ಬಾಗಿಲಿಗೆ ಬೆನ್ನು ಕೊಟ್ಟು, ಅಲುಗಾಡದೆ ನಿಂತಿದ್ದಳು.