ತಿಳಿಸಿದವರ ಹೆಬ್ಬೆಟ್ಟು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ೧೯೩೮ರ ಮೇ ತಿಂಗಳ ಒಂದು ಮಧ್ಯಾಹ್ನ, ಮಂಗಳೂರಿನಲ್ಲಿ ನಾನು ಗುಮಾಸ್ತನಾಗಿದ್ದ ಕಚೇರಿಯ ದಾಖಲೆ ಕೋಣೆಗೆ ಹೊಳೆಯಾಚೆ ಬೆಂಗ್ರೆಯ ಮೊಗವೀರ ಮುದುಕಿಯೊಬ್ಬಳು ಬಂದಳು.

"ಕರ್ಕೇರ ಬರಿಯವರು ಯಾರೆಲ್ಲ ಸತ್ತಿದ್ದಾರೆ ನೋಡು ಮಗಾ. ಒಬ್ಬ ತಪ್ಪಿಸಿಕೊಂಡಿದ್ದಾನೆ."

ಬರಿ ಎಂದರೆ ನಮ್ಮ ಕಡೆ ಕುಲದ ಹೆಸರು. ಮರಣದ ಪುಸ್ತಕಗಳನ್ನು ತೆಗೆದೆ. ಆ ಬಿಸಿಲಿನಲ್ಲೂ ಹಾಳೆಗಳು ತಣ್ಣಗೆ, ಒದ್ದೆಯಾಗಿದ್ದವು. ಮೂವತ್ತೈದು ವರ್ಷಗಳಲ್ಲಿ ಹನ್ನೊಂದು ಮಂದಿ ಕರ್ಕೇರರು. ಸತ್ತ ಜಾಗ ಅಂಗಡಿ, ಹೆಂಚಿನ ಕಾರ್ಖಾನೆ, ಮನೆಯ ಚಾವಡಿ. ಕಾರಣ ಮಾತ್ರ ಎಲ್ಲರಿಗೂ ನೀರಿನಲ್ಲಿ ಮುಳುಗಿದ್ದು. ಸಾವು ತಿಳಿಸಿದವರು: ಅಪ್ಪಿ. ಹನ್ನೊಂದು ಕಡೆಯೂ ನಡುವೆ ಸೀಳಿದ ಅದೇ ಹೆಬ್ಬೆಟ್ಟಿನ ಗುರುತು.

"ನಿಮ್ಮ ಹೆಸರೆಂತ ಅಜ್ಜಿ?"

"ಅಪ್ಪಿ."

ಎದ್ದು ಬಾಗಿಲು ಎಳೆದೆ. ಆಟಿ ತಿಂಗಳ ಮಳೆಗೆ ಉಬ್ಬಿದ ಹಲಗೆಯಂತೆ ಅದು ಕಚ್ಚಿಕೊಂಡಿತ್ತು.

"ನಿನ್ನ ಬರಿ ಯಾವುದು?" ಎಂದಳು, ನನ್ನ ಬೆನ್ನ ಹಿಂದೆಯೇ ನಿಂತು.

"ಪುತ್ರನ್."

"ಅದು ನಿನ್ನ ಅಪ್ಪನದ್ದು ಮಾರಾಯ, ಶಾಲೆಯ ಮಾಷ್ಟ್ರು ಬರೆದದ್ದು. ನಮ್ಮಲ್ಲಿ ಬರಿ ಬರುವುದು ಅಮ್ಮನಿಂದ ಅಲ್ಲವಾ? ಅಮ್ಮನದ್ದು ಹೇಳು."

ನನ್ನ ಅಮ್ಮ ಕರ್ಕೇರ ಬರಿಯವಳು. ತುಟಿ ಬಿಗಿಹಿಡಿದು ಬಾಗಿಲನ್ನು ಮತ್ತೆ ಎಳೆದೆ. ಬಾಯಿಯೊಳಗೆ ಉಪ್ಪುನೀರು ತುಂಬುತ್ತಿತ್ತು.

ಹೊರಗಿನಿಂದ ಜವಾನ ತುಕ್ರ ಒಂದೇ ಬೆರಳಲ್ಲಿ ಬಾಗಿಲು ತಳ್ಳಿದ. ಕೋಣೆಯಲ್ಲಿ ನಾನೊಬ್ಬನೇ ಇದ್ದೆನಂತೆ.

ಅಮ್ಮನ ಬರಿಯನ್ನು ನಿಮ್ಮನ್ನು ಬಿಟ್ಟು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಆ ಪುಸ್ತಕಗಳಲ್ಲಿ ಈಗ ಕರ್ಕೇರರ ಹನ್ನೆರಡನೆಯ ಸಾಲೊಂದು ನನ್ನದೇ ಕೈಬರಹದಲ್ಲಿದೆ. ಹೆಸರಿನ ಜಾಗ ಖಾಲಿ. ಪಕ್ಕದ ಸೀಳು ಹೆಬ್ಬೆಟ್ಟಿನ ಮಸಿ ಇವತ್ತಿಗೂ ಒಣಗಿಲ್ಲ.